ಏಳನೆಯ ನಳ

ಅಪೇಕ್ಷಾ ಸತ್ತು ಒಂದು ವರ್ಷ ಎರಡು ತಿಂಗಳಾಗಿತ್ತು. ಮಹಾಲಿಂಗನ ಕಿವಿಯಲ್ಲಿ ಅವಳು ಇನ್ನೂ ವಾಂತಿ ಮಾಡುತ್ತಿದ್ದಳು.

ಯೆರವಡಾದ ಆ ಓಣಿಗೆ ಬೆಳಿಗ್ಗೆ ಆರಕ್ಕೆ ನೀರು ಬರುತ್ತಿತ್ತು. ಬರುವುದಕ್ಕೆ ಮೊದಲು ನಳ ಕೆಮ್ಮುತ್ತಿತ್ತು. ಒಳಗಿನ ಗಾಳಿ ಗಳಗಳ ಎಂದು ನುಗ್ಗಿ, ಒಂದು ಹಳದಿ ಗುಟುಕು ಉಗುಳಿ, ತಡೆದು, ಮತ್ತೆ ಕಕ್ಕುತ್ತಿತ್ತು. ಮಗಳು ಕೊನೆಯ ಎಂಟು ದಿನ ಹಾಗೇ ಕಕ್ಕಿದ್ದಳು. ಹೊಟ್ಟೆಯಲ್ಲಿ ಏಳು ತಿಂಗಳ ಕೂಸು. ಕಣ್ಣು, ಉಗುರು, ಅಂಗೈ ಎಲ್ಲ ಅರಿಶಿಣ. ಹೊರಗೆ ಹೆಂಗಸರು ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವ ಹೊತ್ತಿಗೆ ಮಹಾಲಿಂಗ ಮನೆಯ ಮೂಲೆಯಲ್ಲಿ ಕಿವಿ ಮುಚ್ಚಿಕೊಂಡು ಕೂತಿರುತ್ತಿದ್ದ. ಕಿವಿ ಮುಚ್ಚಿದರೆ ಇನ್ನೂ ಹತ್ತಿರದಿಂದ ಕೇಳಿಸುತ್ತಿತ್ತು.

ಅವಳನ್ನು ಕರೆತಂದವನು ಅವನೇ. ಅಳಿಯ ಅದೇ ಊರಿನ ಕೊಂಢವಾದಲ್ಲಿ ಕಟ್ಟಡಗಳಿಗೆ ಟೈಲ್ಸ್ ಹಾಕುವವನು. ಚೊಚ್ಚಲ ಬಸುರಿ, ತವರಿಗೆ ಕರೆಯದಿದ್ದರೆ ಹೇಗೆ ಎಂದು ಹೆಂಡತಿ ಅಂಬಾ ಹಟ ಹಿಡಿದಳು. ಮಹಾಲಿಂಗ ರಿಕ್ಷಾ ಮಾಡಿಕೊಂಡು ಹೋಗಿ, ಹೊಂಡ ಬಂದಲ್ಲೆಲ್ಲ ಡ್ರೈವರನ ಬೆನ್ನು ತಟ್ಟಿ ನಿಧಾನ ಮಾಡಿಸಿ ಕರೆತಂದ. ಮೂರನೆಯ ದಿನ ಅಪೇಕ್ಷಾ ಲೋಟ ಮೂಗಿಗೆ ಹಿಡಿದಳು.

"ಅಪ್ಪಾ, ನೀರು ನಾರತಾವ. ಊರ ಮಂದಿ ನೀರೆಲ್ಲ ಬಾಟಲಿಯೊಳಗ ತುಂಬ್ಕೊಂಡು ಹೋಗ್ತಿ. ನಮ್ಮ ನಳದ್ದೂ ಒಂದು ತುಂಬ್ಕೊಂಡು ಹೋಗು."

"ನಮ್ಮ ನಳ ಲಿಸ್ಟಿನ್ಯಾಗ ಇಲ್ಲವಾ."

"ಬರಕೊಂಡು ಬಿಡು ಮತ್ತ."

ಅವನು ನಕ್ಕಿದ್ದ. ಅಷ್ಟೇ. ನಕ್ಕು, ಬಗಲಿಗೆ ಡಬ್ಬಿ ಏರಿಸಿಕೊಂಡು ಕೆಲಸಕ್ಕೆ ಹೋಗಿದ್ದ. ನಲವತ್ತನೆಯ ದಿನಕ್ಕೆ ಜ್ವರ ಬಂತು. ದವಾಖಾನೆಯ ಡಾಕ್ಟರು, "ನೀರಿನಿಂದ ಬರೋ ಕಾಮಣಿ, ಬಸುರಿಯರನ್ನ ಬಿಡೋದಿಲ್ಲ ಇದು" ಅಂದರು. ಬಿಡಲಿಲ್ಲ. ಬೀಗರು ಬಂದು ಡಾಕ್ಟರ ಮಾತು ಕೇಳಲಿಲ್ಲ. ಕಂಡದ್ದನ್ನೆಲ್ಲ ತಿನ್ನಿಸಿ ಕೊಂದಿರಿ ಎಂದು ಅಂಬಾಳ ಕೈಯಡುಗೆಗೆ ದೋಷ ಕೊಟ್ಟು ಹೋದರು. ಅಂಬಾ ಅದನ್ನು ನಂಬಿದಳು. ಅಂದಿನಿಂದ ಒಲೆಯ ಮುಂದೆ ಕೂತವಳು ಉಪ್ಪು ಹಾಕುವ ಮೊದಲು ತನ್ನ ಕೈ ನೋಡಿಕೊಳ್ಳುತ್ತಿದ್ದಳು.

ಮಹಾಲಿಂಗನ ಅಪ್ಪ ಇಂಡಿ ಕಡೆಯ ಒಂದು ಹೊಲಗೇರಿಯಿಂದ ಈ ಊರಿನ ಗಟಾರ ತೋಡಲಿಕ್ಕೆ ಬಂದವ. ಮಹಾಲಿಂಗ ಮೂವತ್ತೊಂಬತ್ತರ ವಯಸ್ಸಿನ ತನಕ ಗಟಾರದ ಗುಂಡಿಗೆ, ಚೇಂಬರಿನೊಳಗೆ ಇಳಿದ. ಸೊಂಟಕ್ಕೆ ಹಗ್ಗ, ಬಾಯಲ್ಲಿ ಬೀಡಿ, ಮೈಮೇಲೆ ಒಂದು ಚಡ್ಡಿ. ಆಮೇಲೆ ನೀರು ಪರೀಕ್ಷೆ ಮಾಡುವ ಒಂದು ಸಂಸ್ಥೆಯಲ್ಲಿ ಕಂತ್ರಾಟಿನ ಕೆಲಸ ಸಿಕ್ಕಿತು. ಊರಿನ ಹೊಳೆ, ಬಾವಿ, ಟಾಕಿ, ನಳ, ಗಟಾರಗಳ ನೀರನ್ನು ಬಾಟಲಿಗೆ ತುಂಬಿ ತರುವುದು. ಕೆಲಸ ಸಿಕ್ಕ ದಿನ ಓಣಿಯವರು ಅವನಿಗೆ ಹಾರ ಹಾಕಿದ್ದರು. ಚೇಂಬರಿನಿಂದ ಮೇಲೆ ಬಂದವನು ಎಂದು.

ಎಷ್ಟು ಮೇಲೆ ಬಂದಿದ್ದ? ಬರ್ಫ ತುಂಬಿದ ಡಬ್ಬಿ ಹೊತ್ತು ಹೊತ್ತು ಬಲಭುಜ ಇಳಿದಿತ್ತು. ಸೇತುವೆಯ ಕೆಳಗೆ ತೊಡೆಮಟ್ಟ ಕೆಸರಿನಲ್ಲಿ ನಿಂತು ಹೊಳೆಯ ನೀರು ತುಂಬುವವನು ಅವನೇ. ತಂದ ಡಬ್ಬಿಯನ್ನು ಹೊಸ್ತಿಲ ಹೊರಗೆ ಇಡಬೇಕು. ಒಂಬತ್ತು ವರ್ಷದಲ್ಲಿ ಯಂತ್ರದ ಕೋಣೆಯೊಳಗೆ ಅವನು ಕಾಲಿಟ್ಟಿರಲಿಲ್ಲ. ಧೂಳು ಬರುತ್ತದೆ ಅನ್ನುತ್ತಿದ್ದರು. ಅತಿಥಿಗಳು ಬೂಟು ಹಾಕಿಕೊಂಡೇ ಅದೇ ಕೋಣೆಗೆ ಹೋಗುತ್ತಿದ್ದರು. ಎಲ್ಲರಿಗೂ ಹೆಸರು ಬರೆದ ಪಿಂಗಾಣಿ ಕಪ್ಪು. ಅವನಿಗೆ ಕುಡಿದು ಬಿಸಾಕುವ ಕಾಗದದ್ದು.

ಅಲ್ಲಿ ಕನ್ನಡ ಬರುತ್ತಿದ್ದುದು ಸುರಭಿ ಮೇಡಂಗೆ ಮಾತ್ರ. ಧಾರವಾಡದವರು, ಲ್ಯಾಬಿನ ಹಿರಿಯ ವಿಜ್ಞಾನಿ. ಬಾಟಲಿ ಹೇಗೆ ತುಂಬಬೇಕು, ಮುಚ್ಚಳ ಹೇಗೆ ಹಿಡಿಯಬೇಕು ಎಂದು ಕಲಿಸಿದವರು ಅವರೇ. ಚೆನ್ನಾಗಿ ಕಲಿಸಿದರು. ಮೊದಲ ದಿನ ಮನೆತನದ ಅಡ್ಡಹೆಸರು ಕೇಳಿದ್ದರು. ಅವನು ಹೇಳಿದ್ದ. ಆಮೇಲೆ ಅವನ ಕೈಯಿಂದ ಯಾವತ್ತೂ ನೇರವಾಗಿ ಬಾಟಲಿ ಇಸಿದುಕೊಳ್ಳಲಿಲ್ಲ. "ಅಲ್ಲೇ ಮ್ಯಾಲೆ ಇಡಪಾ ಮಹಾಲಿಂಗ" ಅನ್ನುತ್ತಿದ್ದರು, ನಗುನಗುತ್ತಲೇ.

ಈ ವರ್ಷ ಹೊಸ ಕೆಲಸ ಬಂತು. ನೀರಿನಲ್ಲಿ ಮನುಷ್ಯರ ಹೇಲು ಬೆರೆತಿದೆಯೋ ದನದ್ದೋ ಎಂದು ಈಗಿನ ಯಂತ್ರಗಳು ಹೇಳುತ್ತವೆ. ಮನುಷ್ಯರ ಕರುಳಿನಲ್ಲಷ್ಟೇ ಇರುವ, ಕಣ್ಣಿಗೆ ಕಾಣದ ಹುಳದ ಡಿಎನ್‌ಎ ಹಿಡಿದು ಎಣಿಸುತ್ತವೆ. ಆದರೆ ಒಂದೇ ನೀರು ಕೊಟ್ಟರೆ ಒಂದು ಲ್ಯಾಬ್ ಹತ್ತು ಅನ್ನುತ್ತಿತ್ತು, ಇನ್ನೊಂದು ಸಾವಿರ ಅನ್ನುತ್ತಿತ್ತು, ಮತ್ತೊಂದು ಏನೂ ಇಲ್ಲ ಅನ್ನುತ್ತಿತ್ತು. ಇನ್ನು ಮೇಲೆ ಆರು ಲ್ಯಾಬುಗಳು ಒಂದೇ ಪದ್ಧತಿಯಲ್ಲಿ ಪರೀಕ್ಷೆ ಮಾಡಿ ಒಂದೇ ಉತ್ತರಕ್ಕೆ ಬರಬೇಕು. ಹನ್ನೆರಡು ಜಾಗ. ಒಂದೊಂದು ಜಾಗದಲ್ಲೂ ಮಹಾಲಿಂಗ ದೊಡ್ಡ ಕ್ಯಾನು ತುಂಬಿ, ಅಲುಗಿಸಿ, ಆರು ಬಾಟಲಿಗೆ ಸುರಿಯಬೇಕು.

ಜೊತೆಗೆ ಕೋರಾ ಬಾಟಲಿ. ಕೋರಾ ಅಂದರೆ ಏನೂ ಬೆರೆಯದ್ದು; ಅದು ಅವನೇ ಇಟ್ಟ ಹೆಸರು. ಲ್ಯಾಬಿನಲ್ಲೇ ಶುದ್ಧ ಮಾಡಿದ ನೀರನ್ನು ಕೊಟ್ಟು ಕಳಿಸುತ್ತಾರೆ. ನಳದ ನೀರು ತುಂಬಿದ ಜಾಗದಲ್ಲೇ, ಅದೇ ಕೈಯಿಂದ, ಆ ಶುದ್ಧ ನೀರನ್ನೂ ತೆರೆದು ಬೇರೆ ಬಾಟಲಿಗೆ ಸುರಿಯಬೇಕು. ತುಂಬುವವನ ಕೈ ಹೊಲಸಿದ್ದರೆ, ಗಾಳಿ ಹೊಲಸಿದ್ದರೆ, ಕೋರಾ ಬಾಟಲಿಯೂ ಕೆಡುತ್ತದೆ. "ಇದು ನಿನ್ನ ಸಾಕ್ಷಿ ನೋಡಪಾ" ಎಂದು ಮೇಡಮ್ಮೇ ಹೇಳಿಕೊಟ್ಟಿದ್ದರು.

ಲಿಸ್ಟಿನಲ್ಲಿ ಏಳನೆಯದು: ಯೆರವಡಾ, ಸಾರ್ವಜನಿಕ ನಳ. ಯಾವ ನಳ ಎಂದು ಬರೆದಿರಲಿಲ್ಲ. ಯಾವಾಗಲೂ ದೊಡ್ಡ ರಸ್ತೆಯ ನಳದಲ್ಲೇ ತುಂಬುತ್ತಿದ್ದ. ಜೀಪು ನಿಲ್ಲಲು ಅಲ್ಲಿ ಜಾಗವಿತ್ತು. ಆ ಫೆಬ್ರುವರಿಯ ಬೆಳಿಗ್ಗೆ ಜೀಪನ್ನು ಅಲ್ಲೇ ನಿಲ್ಲಿಸಿ, ಡಬ್ಬಿ ಹೊತ್ತು ತನ್ನ ಓಣಿಗೆ ನಡೆದ.

ಸಾಲಿನಲ್ಲಿ ಮುಂದೆ ಯಂಕವ್ವ ನಿಂತಿದ್ದಳು. ಓಣಿಯ ಹಿರಿಯಳು, ಅವನ ಅಪ್ಪನ ಜೊತೆ ಮಣ್ಣು ಹೊತ್ತವಳು.

"ಯಾಕೋ ಮಾಲಿಂಗಾ, ನಮ್ಮ ನೀರೂ ದೊಡ್ಡ ಮಂದಿ ನೀರಾತೇನು?"

ಅವನು ಡಬ್ಬಿ ಕೆಳಗಿಳಿಸಿದ. ಗ್ಲೋವ್ಸ್ ಹಾಕಿದ. ನಳದ ಬಾಯಿಗೆ ಸ್ಪಿರಿಟ್ ಹಚ್ಚಿ ಒರೆಸಿದ. ನಳ ಕೆಮ್ಮಿತು. ಗಳಗಳ. ಅಪೇಕ್ಷಾ ಅವನ ಮೊಣಕಾಲಿನ ಹತ್ತಿರವೇ ಬಗ್ಗಿ ಕೂತು ಕಕ್ಕುತ್ತಿದ್ದಳು. ಬೆನ್ನು ಸವರಲಿಕ್ಕೆ ಕೈ ತಾನಾಗಿ ಕೆಳಗೆ ಹೋಯಿತು. ಹೋದ ಕೈಯನ್ನು ಹಿಂದಕ್ಕೆ ತಂದ. ಗ್ಲೋವ್ಸ್ ಬಿಚ್ಚಿ ಹೊಸ ಜೋಡಿ ಹಾಕಿದ. ಕ್ಯಾನು ತುಂಬಿದ. ಆರು ಬಾಟಲಿ. ಮುಚ್ಚಳ ಎಲ್ಲೂ ತಾಗಲಿಲ್ಲ. ಕೊನೆಗೆ ಕೋರಾ ನೀರು, ಅದೂ ಆರು ಬಾಟಲಿ. ಒಂಬತ್ತು ವರ್ಷದಲ್ಲಿ ಅಷ್ಟು ಚೊಕ್ಕವಾಗಿ ಅವನು ಯಾವತ್ತೂ ತುಂಬಿರಲಿಲ್ಲ.

ಮೂರು ವಾರದ ಮೇಲೆ ಆರೂ ಲ್ಯಾಬಿನವರು ಸಂಸ್ಥೆಯಲ್ಲಿ ಕೂಡಿದರು. ಕುರ್ಚಿ ಹಾಕಿದವನು ಮಹಾಲಿಂಗ. ಹಾಕಿ, ಬಾಗಿಲ ಹೊರಗೆ ನಿಂತ. ಗೋಡೆಯ ಮೇಲೆ ಪರದೆ, ಪರದೆಯ ಮೇಲೆ ಅಂಕಿ. ಅಂಕಿ ಓದಲು ಅವನಿಗೆ ಬರುತ್ತಿತ್ತು.

ಮೊದಲ ಆರು ಜಾಗದಲ್ಲಿ ಆರು ಲ್ಯಾಬುಗಳ ಅಂಕಿ ಅತ್ತ ಇತ್ತ ಹೋಗಿದ್ದವು. ಎಲ್ಲರ ಮುಖ ಸಪ್ಪಗಿತ್ತು. ಏಳನೆಯ ಸಾಲು ಬಂತು. ಆರು ಲ್ಯಾಬಿನ ಅಂಕಿಗಳು ಆರು ಕಂಬಗಳಾಗಿ ಒಂದೇ ಎತ್ತರಕ್ಕೆ ಎದ್ದು ನಿಂತಿದ್ದವು. ಪರದೆಯ ತುದಿ ಮುಟ್ಟುವಷ್ಟು ಎತ್ತರ. ಕೆಳಗೆ ಕೋರಾ ಬಾಟಲಿಯ ಸಾಲು: ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ.

ಚಪ್ಪಾಳೆ ಬಿತ್ತು.

ನಿಜವಾಗಿಯೂ ಚಪ್ಪಾಳೆ ತಟ್ಟಿದರು. ಒಬ್ಬರು ಎದ್ದು ಇನ್ನೊಬ್ಬರ ಕೈ ಕುಲುಕಿದರು. ಆರೂ ಲ್ಯಾಬು ಒಂದೇ ಮಾತು ಹೇಳಿದ್ದು ಇದೇ ಮೊದಲು. ಪದ್ಧತಿ ಗೆದ್ದಿತು. ನಿರ್ದೇಶಕ ಮಧುಕರ ಸರ್ ಪೇಢೆಯ ಡಬ್ಬಿ ತೆರೆಸಿದರು. ಮಹಾಲಿಂಗ ಬಾಗಿಲ ಚೌಕಟ್ಟು ಹಿಡಿದುಕೊಂಡ. ಅವರು ಅವನ ಮಗಳ ಸಾವಿಗೆ ಚಪ್ಪಾಳೆ ತಟ್ಟುತ್ತಿದ್ದರು. ಅದು ಅವರಿಗೆ ಗೊತ್ತಿರಲಿಲ್ಲ.

ಪೇಢೆ ಬಾಯಲ್ಲಿಟ್ಟುಕೊಂಡೇ ಒಬ್ಬ ಅತಿಥಿ ಕೇಳಿದ: "ಏಳನೆಯದು ಯಾವ ಗಟಾರ?"

ಸುರಭಿ ಮೇಡಂ ಕಾಗದ ತಿರುವಿದರು. ಮತ್ತೊಮ್ಮೆ ತಿರುವಿದರು.

"ಗಟಾರ ಅಲ್ಲ. ಕುಡಿಯೋ ನೀರಿನ ನಳ."

ಜಗಿಯುವ ಸಪ್ಪಳ ನಿಂತಿತು.

ಅರ್ಧ ತಾಸಿನ ನಂತರ ಅವನನ್ನು ಒಳಗೆ ಕರೆದರು. ಮಾತಿಗೆಂದು ಒಳಗೆ ಕರೆದದ್ದು ಒಂಬತ್ತು ವರ್ಷದಲ್ಲಿ ಮೊದಲ ಸಲ. ಕೂಡು ಎಂದು ಯಾರೂ ಅನ್ನಲಿಲ್ಲ. ಅತಿಥಿಗಳು ಊಟಕ್ಕೆ ಹೋಗಿದ್ದರು. ಮಧುಕರ ಸರ್ ಮರಾಠಿಯಲ್ಲಿ ಮಾತಾಡಿದರು. ಈ ನಳದಲ್ಲಿ ಯಾಕೆ ತುಂಬಿದೆ, ಯಾರು ಹೇಳಿದರು, ಅದು ನಿನ್ನ ಓಣಿಯದಂತೆ, ಜೀಪಿನವನು ಹೇಳಿದ, ಹೌದೇ. ಮಹಾಲಿಂಗ ಹೌದು ಅಂದ.

ಮೇಡಂ ಒಂದು ಕಾಗದ ಮುಂದೆ ಸರಿಸಿದರು. ಇಂಗ್ಲಿಷಿನಲ್ಲಿತ್ತು.

"ಹೆದರಬ್ಯಾಡಪಾ ಮಹಾಲಿಂಗ. ಸ್ಯಾಂಪಲ್ ತುಂಬೂ ಮುಂದ ಗ್ಲೋವ್ಸ್ ಹಾಕ್ಕೊಂಡಿದ್ದಿಲ್ಲ, ಕೈ ಸ್ವಚ್ಛ ಇದ್ದಿದ್ದಿಲ್ಲ, ಅದಕ್ಕ ನೀರು ಕೆಟ್ಟದ ಅಂತ ಬರದೇವಿ. ಅಷ್ಟ. ಶನಿವಾರ ಲೋಣಾವಳಾದಾಗ ದೊಡ್ಡ ಕಾರ್ಯಕ್ರಮ ಅದ, ರಿಪೋರ್ಟ್ ಬಿಡುಗಡೆ. ನಳದ ನೀರಿನ್ಯಾಗ ಇದು ಬಂದದ ಅಂದ್ರ ಗದ್ದಲ ಆಗ್ತದ. ಹನ್ನೊಂದು ಜಾಗ ಇಟ್ಕೊಂಡು ಇದೊಂದು ಬಿಡ್ತೇವಿ. ನಿನ್ನ ಕೆಲಸಕ್ಕ ಏನೂ ಆಗೂದಿಲ್ಲ, ನಾ ಅದೀನಲ್ಲ."

"ನನ್ನ ಕೈ ಹೊಲಸಂತ ಬರದೀರಿ?"

"ಹಂಗಲ್ಲಪಾ. ನೀವು ಮಂದಿ ಚೇಂಬರಿನ್ಯಾಗ ಇಳದವರು, ರೂಢಿ ಇರ್ತದಲ್ಲ..."

"ಕೋರಾ ಬಾಟಲಿ ಏನಂತರಿ ಮೇಡಂ?"

ಮೇಡಂ ಕಾಗದವನ್ನು ಇನ್ನಷ್ಟು ಮುಂದೆ ಸರಿಸಿದರು.

"ಬಾಗಲದಾಗ ನಿಂತು ನೋಡೀನಿ. ಆರೂ ಲ್ಯಾಬಿನ್ಯಾಗ ಸೊನ್ನಿ ಬಂದದ. ಇದ ಕೈಯಿಂದ ತುಂಬೀನಿ. ಅದ ಜಾಗಾ, ಅದ ಹೊತ್ತು. ನನ್ನ ಕೈ ಹೊಲಸಿದ್ದರ ಅದರಾಗೂ ಬರಬೇಕಿತ್ತರಿ. ನೀವ ಕಲಿಸೀರಿ."

ಮಧುಕರ ಸರ್‌ಗೆ ಕನ್ನಡ ತಿಳಿಯದು. ಮೇಡಂ ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ಅವರು ಕನ್ನಡಕ ತೆಗೆದು ಮಹಾಲಿಂಗನನ್ನು ನೋಡಿದರು.

"ನಿನ್ನ ಮಗಳು ಹೋದಳಂತೆ. ಕೇಳಿದೆ. ಬೇಸರದ ಸಂಗತಿ. ಒಂದು ಮಾತು ಕೇಳುತ್ತೇನೆ, ನಿಜ ಹೇಳು. ಆ ಸಿಟ್ಟಿಗೆ ನೀನೇ ಆ ಕ್ಯಾನಿಗೆ ಏನಾದರೂ ಬೆರೆಸಿದೆಯಾ?"

ಕೋಣೆಯಲ್ಲಿ ಎಸಿ ಸದ್ದು ಮಾಡುತ್ತಿತ್ತು. ಅದರ ಕೊಳವೆಯಲ್ಲಿ ನೀರು ಗಳಗಳ ಅಂದಿತು. ಅಪೇಕ್ಷಾ ಆ ಮೇಜಿನ ಕೆಳಗೂ ಇದ್ದಳು. ಮಹಾಲಿಂಗನೂ ಮರಾಠಿಯಲ್ಲೇ ಹೇಳಿದ, ಎಲ್ಲರಿಗೂ ತಿಳಿಯಲಿ ಎಂದು.

"ಇಪ್ಪತ್ತು ವರ್ಷ ಈ ಕೈಯಿಂದ ನಿಮ್ಮ ಊರಿನ ಹೇಲು ಬಳಿದಿದ್ದೇನೆ, ಸಾಹೇಬ. ಯಾರ ನೀರಿಗೂ ಹಾಕಿಲ್ಲ. ನಮ್ಮ ನೀರಿಗೆ ಹಾಕಿದವರು ಯಾರು ಅಂತ ನಿಮ್ಮ ಆರು ಯಂತ್ರ ಹೇಳ್ತಾ ಇವೆ. ನೀವು ಕೇಳ್ತಾ ಇಲ್ಲ."

"ಸಹಿ ಮಾಡು."

"ಮಾಡುವುದಿಲ್ಲ."

"ನೀನು ಮಾಡದಿದ್ದರೂ ನಾವು ಹಾಗೇ ಬರೆಯುತ್ತೇವೆ."

"ಬರೆಯಿರಿ. ನನ್ನ ಹೆಸರು ಅದರ ಕೆಳಗೆ ಇರುವುದಿಲ್ಲ."

ಕೊರಳಿನ ಗುರುತಿನ ಚೀಟಿ ತೆಗೆದು ಮೇಡಂ ಮುಂದೆ ಹಿಡಿದ. ಅವರ ಕೈಯಲ್ಲೇ ಕೊಡಬೇಕೆಂದು ಹಿಡಿದುಕೊಂಡು ನಿಂತ. ಮೇಡಂ ಕೈ ಮುಂದೆ ಬರಲಿಲ್ಲ. "ಮ್ಯಾಲೆ ಇಡು" ಅಂದರು, ಅಳುವ ದನಿಯಲ್ಲಿ. ಅವನು ಇಡಲಿಲ್ಲ. ಅವರು ಇಸಿದುಕೊಳ್ಳುವ ತನಕ ನಿಂತ. ಬೆರಳಿಗೆ ಬೆರಳು ತಾಗಿತು. ಆಮೇಲೆ ಹೊರಟ.

ಮನೆಯಲ್ಲಿ ಅಂಬಾ ರೊಟ್ಟಿ ತಟ್ಟುತ್ತಿದ್ದಳು. ಅವನು ಎದುರಿಗೆ ಕೂತು ಎಲ್ಲ ಹೇಳಿದ. ಅಂಕಿ ಹೇಳಿದ. ಆರು ಕಂಬ ಹೇಳಿದ. ಅಂಬಾಳ ಕೈ ಹಿಟ್ಟಿನ ಮೇಲೇ ನಿಂತಿತು.

"ಅಂದ್ರ ನನ್ನ ಅಡಗಿ ಅಲ್ಲ?"

"ಅಲ್ಲ."

"ನೀರು ನಾನ ಕೊಟ್ಟೀನ್ರಿ. ಬ್ಯಾಡ ಅಂದ್ರೂ ಕುಡಿ ಕುಡಿ ಅಂತ ಕುಡಿಸೀನಿ."

"ನಾನ ಕರಕೊಂಡು ಬಂದೀನಿ. ತುಂಬ್ಕೊಂಡು ಹೋಗು ಅಂದ್ಲು. ನಕ್ಕೆ."

ಅಷ್ಟು ದಿನ ಇಬ್ಬರೂ ಆ ಭಾರವನ್ನು ಬೇರೆ ಬೇರೆ ಹೊತ್ತುಕೊಂಡು ತಿರುಗಿದ್ದರು. ಆವತ್ತು ಒಂದೇ ಚಾಪೆಯ ಮೇಲೆ ಇಳಿಸಿದರು. ಹಗುರಾಗಲಿಲ್ಲ. ಒಲೆಯ ಮೇಲೆ ರೊಟ್ಟಿ ಹೊತ್ತಿ ಹೊಗೆ ತುಂಬಿತು. ಅಂಬಾ ಎದ್ದವಳು ಮೂಲೆಯ ಕೊಡ ಎತ್ತಿ ಗಟಾರಕ್ಕೆ ಸುರಿದಳು. ಲೋಟಗಳನ್ನೂ ಚೆಲ್ಲಿದಳು. ನಂತರ ಓಣಿಯಲ್ಲಿ ಮನೆ ಮನೆಗೆ ಹೋಗಿ, ಕುದಿಸದೆ ಹನಿ ನೀರು ಯಾರೂ ಬಾಯಿಗೆ ಇಡಬೇಡಿ ಎಂದು ಹೇಳಿ ಬಂದಳು. ಒಂದು ವರ್ಷದಿಂದ ಹೊಸ್ತಿಲು ದಾಟದವಳು.

ಮರುದಿನ ಮಹಾಲಿಂಗ ಹಾರೆ, ಗುದ್ದಲಿ, ಸಲಿಕೆ ಹೊರತೆಗೆದ. ಓಣಿಯ ಗಂಡಸರು ನಾಲ್ಕು ಮಂದಿ ಕೆಲಸಕ್ಕೆ ಹೋಗದೆ ನಿಂತರು. ಎಲ್ಲರೂ ಊರಿನ ಗಟಾರ ತೋಡಿದವರೇ. ತಮ್ಮ ಓಣಿಯನ್ನು ಯಾರೂ ತೋಡಿರಲಿಲ್ಲ. ಎಲ್ಲಿ ತೋಡಬೇಕೆಂದು ಯಂಕವ್ವ ಕೋಲಿನಿಂದ ಗೆರೆ ಎಳೆದಳು.

"ಪೈಪ್ ಹಾಕೂ ಮುಂದ ನಾ ಇಲ್ಲೇ ಮಣ್ಣು ಹೊತ್ತೀನಿ. ಸುತ್ತು ಹಾಕಿ ಒಯ್ಯಬೇಕಿತ್ತು. ಕಂತ್ರಾಟದಾರ ಬ್ಯಾಡ ಅಂದ. ಸೀದಾ ಹೊಡ್ರಿ ಅಂದ."

ಹಾರೆ ಬಿದ್ದಲ್ಲೆಲ್ಲ ಕಪ್ಪು ಮಣ್ಣು ಬಂತು. ಎಂಟರ ಹೊತ್ತಿಗೆ ಹಾಸುಗಲ್ಲು ಎತ್ತಿದರು. ಕೆಳಗೆ ಚೇಂಬರು. ಚೇಂಬರಿನ ನಟ್ಟನಡುವೆ, ಓಣಿಯ ಇಪ್ಪತ್ತಾರು ಪಾಯಖಾನೆಗಳ ನೀರು ಹರಿಯುವಲ್ಲಿ, ಕುಡಿಯುವ ನೀರಿನ ಪೈಪು ಮುಳುಗಿತ್ತು. ಕೀಲು ಕೂಡುವಲ್ಲಿ ಯಾರೋ ಯಾವಾಗಲೋ ಸೈಕಲ್ಲಿನ ಟ್ಯೂಬು ಸುತ್ತಿದ್ದರು. ಟ್ಯೂಬು ಕೊಳೆತು ಜೋತಾಡುತ್ತಿತ್ತು.

ಒಂಬತ್ತು ವರ್ಷದ ಮೇಲೆ ಮಹಾಲಿಂಗ ಮತ್ತೆ ಚೇಂಬರಿಗೆ ಇಳಿದ. ಗ್ಲೋವ್ಸ್ ಇರಲಿಲ್ಲ. ಹೊಲಸು ತೊಡೆಯ ತನಕ ಬಂತು. ನಾತ ಹಳೆಯ ಪರಿಚಯದವನ ಹಾಗೆ ಮೂಗಿಗೆ ಹತ್ತಿತು. ನೀರು ಬರುವ ಹೊತ್ತು ಮುಗಿದಿತ್ತು, ಪೈಪು ಖಾಲಿ. ಬಗ್ಗಿ, ಕತ್ತಲಲ್ಲಿ ಕೈಯಾಡಿಸಿ ಸೀಳು ಹುಡುಕಿದ. ಅಂಗೈ ಇಟ್ಟ.

ಪೈಪು ಅವನ ಅಂಗೈಯನ್ನು ಒಳಗೆಳೆಯಿತು.

ಖಾಲಿಯಾದ ಪೈಪು ಸುತ್ತಲಿನದನ್ನು ಹೀರುತ್ತಿತ್ತು. ಮೆಲ್ಲಗೆ, ಬಿಟ್ಟು ಬಿಟ್ಟು, ಹಾಲು ಕುಡಿಯುವ ಕೂಸಿನ ಬಾಯಿಯ ಹಾಗೆ. ಹುಟ್ಟದೆ ಹೋದ ಕೂಸು ಅವನ ನೆನಪಿಗೆ ಬಂತು. ಕೈ ಹಿಂದಕ್ಕೆ ಎಳೆದುಕೊಳ್ಳಲು ಆಗಲಿಲ್ಲ. ಮೇಲಿನವರು ಕೂಗಿದರು. ಅವನು ಬಹಳ ಹೊತ್ತು ಹಾಗೇ ನಿಂತಿದ್ದ.

ಹತ್ತಕ್ಕೆ ನೀರಿನ ಕಚೇರಿಯಿಂದ ಸ್ವಪ್ನಿಲ್ ಎಂಬ ಇಂಜಿನಿಯರ್ ಬಂದ. ಜೊತೆಗೆ ಇಬ್ಬರು ಪೊಲೀಸರು. ಯಾರ ಪರವಾನಗಿ, ರಸ್ತೆ ಅಗೆದವರ ಮೇಲೆ ಕೇಸು, ಮೊದಲು ಮುಚ್ಚಿ, ವಾರದೊಳಗೆ ನೋಡುತ್ತೇವೆ ಅಂದ. ಮೂಗಿಗೆ ಕರವಸ್ತ್ರ ಹಿಡಿದಿದ್ದ.

ಅಂಬಾ ಮುಂದೆ ಬಂದಳು.

"ಇಳಿ."

"ಏನಮ್ಮ?"

"ಕೆಳಗಿಳಿ. ಮುಟ್ಟಿ ನೋಡು. ಆಮ್ಯಾಲೆ ಮುಚ್ಚು ಅನ್ನು."

ಅವನು ತನ್ನ ಬೂಟು ನೋಡಿಕೊಂಡ. ಅಂಬಾ ಸೀರೆ ಎತ್ತಿ ಸಿಕ್ಕಿಸಿ, ಗುಂಡಿಯ ಅಂಚಿಗೆ ಕೂತು, ಜಾರಿ ಕೆಳಗಿಳಿದು ಗಂಡನ ಪಕ್ಕ ನಿಂತಳು. ಅವಳ ಹಿಂದೆ ಹೆಂಗಸರು ಅಂಚಿನ ಸುತ್ತ ಕೂತರು. ಪೊಲೀಸರು ಎಳೆಯಲಿಲ್ಲ. ಎಳೆಯಬೇಕಾದರೆ ಮುಟ್ಟಬೇಕಿತ್ತು.

ಗುಂಡಿ ಮೂರು ದಿನ ತೆರೆದೇ ಇತ್ತು. ಸರದಿಯ ಮೇಲೆ ಕೂತರು. ಮೊಬೈಲಿನಲ್ಲಿ ತೆಗೆದ ಚಿತ್ರ ಊರೆಲ್ಲ ತಿರುಗಿತು. ನಾಲ್ಕನೆಯ ದಿನ ನಲವತ್ತು ಅಡಿ ಹೊಸ ಪೈಪು ಬಂತು, ಚೇಂಬರು ಬಿಟ್ಟು ಸುತ್ತು ಹಾಕಿ ಹೋಯಿತು. ಸ್ವಪ್ನಿಲ್ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡ. ಶನಿವಾರ ಲೋಣಾವಳಾದಲ್ಲಿ ರಿಪೋರ್ಟು ಬಿಡುಗಡೆಯಾಯಿತು. ಹನ್ನೊಂದು ಜಾಗ. ಕೆಳಗೆ ಸಣ್ಣ ಅಕ್ಷರದಲ್ಲಿ, ಸಂಗ್ರಹಿಸಿದವನ ಕೈಯಿಂದ ಒಂದು ಸ್ಯಾಂಪಲ್ ಕೆಟ್ಟಿತೆಂದು ಬರೆದಿದ್ದರು. ಸಹಿ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಮಹಾಲಿಂಗ ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ನಾಕಾಕ್ಕೆ ಹೊರಟು ನಿಂತಿದ್ದ. ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಐವತ್ತರ ವಯಸ್ಸು, ಕೈಯಲ್ಲಿ ಗುದ್ದಲಿ. ಹಿಂದಿನ ಓಣಿಯವಳು. ಮುಖ ನೋಡಿದ್ದ, ಮಾತಾಡಿಸಿರಲಿಲ್ಲ.

"ಅಣ್ಣಾರ, ನಿಮ್ಮ ಓಣಿ ಆತು. ನಮ್ಮದೂ ಒಂದೀಟು ತೋಡಿ ನೋಡ್ತೀರೇನ್ರಿ?"

"ಯಾಕವಾ, ನೀರು ನಾರತಾವೇನು?"

ಅವಳು ಹೊಸ್ತಿಲ ಮೇಲೆ ಗುದ್ದಲಿ ಊರಿದಳು.

"ನನ್ನ ಸೊಸಿ ಹೋದ ಮಳಿಗಾಲದಾಗ ತೀರಿಕೊಂಡ್ಲರಿ. ಐದು ತಿಂಗಳ ಬಸುರಿ ಇದ್ಲು. ಮೈಯೆಲ್ಲ ಹಳದಿ ಆತು. ದೇವಿ ಸಿಟ್ಟಂದ್ರು. ಹರಕಿ ತೀರಿಸಿ ಸುಮ್ಮನಾದ್ವಿ. ಮೊನ್ನೆ ನಿಮ್ಮ ಗುಂಡಿ ನೋಡಿ ಬಂದೆ. ಅವತ್ತಿಂದ ನಿದ್ದಿ ಇಲ್ಲ."

ಒಳಗಿನಿಂದ ಅಂಬಾ ಬಂದು ಅವಳ ಪಕ್ಕ ನಿಂತಳು. ಮಹಾಲಿಂಗ ಬುತ್ತಿಯ ಗಂಟು ಕೆಳಗಿಟ್ಟ. ಹಾರೆ ಎತ್ತಿಕೊಂಡ.

"ಏನ್ ಹೆಸರವಾ ಆಕೀದು?"

"ತೃಪ್ತಿ."

ಅವನು ಆ ಹೆಸರನ್ನು ಒಂದು ಸಲ ತಾನೂ ಅಂದ. ಆಮೇಲೆ ಹಿಂದಿನ ಓಣಿಯ ಕಡೆ ನಡೆದ. ಇಬ್ಬರು ಹೆಂಗಸರು ಮುಂದೆ ಮುಂದೆ ಹೋಗಿ ಚೇಂಬರಿನ ಕಲ್ಲು ತೋರಿಸಿದರು.